ಬೂದಿ ಯಾರ ಹೆಗಲ ಮೇಲೆ

ಬೂದುಗುಂಬಳ ಎಳೆಯದಾಗಿದ್ದಾಗ ಮೈತುಂಬ ನವಿರು ಮುಳ್ಳು. ಬಲಿಯುತ್ತ ಬಂದಂತೆ ಅದು ಉದುರಿ, ಸುಣ್ಣ ಬಳಿದ ಹಾಗೆ ಬಿಳಿ ಬೂದಿ ಕೂರುತ್ತದೆ. ಬೂದಿ ಅನ್ನುವುದು ಬರೀ ಮಾತಿಗೆ, ಮುಟ್ಟಿದರೆ ಮೇಣದ ಜಿಡ್ಡು. ಬೆರಳಲ್ಲಿ ಅದರ ಮೇಲೆ ಹೆಸರು ಬರೆಯಬಹುದು. ಹೊಲದಿಂದ ಹೆಗಲ ಮೇಲೆ ಹೊತ್ತು ತಂದರೆ ಅಂಗಿಯ ಮೇಲೆ ಅಂಗೈಯಗಲ ಗುರುತು ಬೀಳುತ್ತದೆ. ಕೊಡವಿದರೆ ಹೋಗದು, ಉಜ್ಜಿದರೆ ಇನ್ನಷ್ಟು ಹರಡುತ್ತದೆ.

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ಹುಟ್ಟಿದ್ದು ಈ ಬೂದಿಯಿಂದ. ಎಸ್ಸೆಸ್ಸೆಲ್ಸಿಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಅಂದಾಗ ನಾವೆಲ್ಲ ಬರೆದದ್ದು ಒಂದೇ ಅರ್ಥ: ತಪ್ಪು ಮಾಡಿದವನ ಮನಸ್ಸು ಅಳುಕುತ್ತದೆ, ಅವನನ್ನು ಯಾರೂ ಹಿಡಿಯಬೇಕಿಲ್ಲ, ಅವನ ಕೈಯೇ ಅವನನ್ನು ಹಿಡಿದುಕೊಡುತ್ತದೆ. ಮೂರು ಅಂಕ ಬರುತ್ತಿತ್ತು. ಗಾದೆಯ ಜಾಣತನವೂ ಅಲ್ಲೇ ಇದೆ. ಚಾವಡಿಯ ಮೇಲೆ ಕೂತವನು ಯಾರ ಹೆಸರನ್ನೂ ಎತ್ತುವುದಿಲ್ಲ, ಸಾಕ್ಷಿ ಕರೆಸುವುದಿಲ್ಲ. ಗುಂಪಿನ ಕಡೆ ಒಂದು ಮಾತು ಎಸೆಯುತ್ತಾನೆ, ಯಾರ ಕೈ ಮೇಲೇಳುತ್ತದೆ ಅಂತ ನೋಡುತ್ತಾನೆ.

ಆ ವಯಸ್ಸಿನಲ್ಲಿ ನನಗೆ ಹೊಳೆಯದೇ ಹೋದ ಪ್ರಶ್ನೆ ಒಂದಿದೆ. ಕಾಯಿ ಬೆಳೆದವನ ಹೆಗಲಿನ ಗತಿಯೇನು? ಬೀಜ ಊರಿ, ನೀರು ಹಾಯಿಸಿ, ಕಾಯಿ ಕಿತ್ತು, ಹೊತ್ತು ಅಟ್ಟಕ್ಕೇರಿಸಿದವನ ಮೈಮೇಲೆ ಕಳ್ಳನಿಗಿಂತ ಹೆಚ್ಚೇ ಬೂದಿ ಇರುತ್ತದೆ. ಕಳ್ಳ ಹೊತ್ತದ್ದು ಒಂದು ರಾತ್ರಿ, ಇವನು ಹೊತ್ತದ್ದು ಒಂದು ಹಂಗಾಮು.

ಈ ಪ್ರಶ್ನೆ ಎದ್ದದ್ದು ಹೊಳಲ್ಕೆರೆಯ ಒಬ್ಬಳು ಹುಡುಗಿಯಿಂದ. ಅವಳ ಅಪ್ಪ ಒಂದು ಕಾಲಕ್ಕೆ ಬೋರ್ಡು ಬರೆಯುವವರು. ಅಂಗಡಿ ಬೋರ್ಡು, ಲಾರಿಯ ಹಿಂಬದಿಯ ಹದ್ದು, ಊರ ನಾಟಕದ ಪರದೆ, ಎಲ್ಲಕ್ಕೂ ಅವರದೇ ಕೈ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕರಗಿತು. ಈಗ ನಂಬರ್ ಪ್ಲೇಟು, ಗುಡಿ ಗೋಪುರಕ್ಕೆ ಬಣ್ಣ, ಅಷ್ಟೇ. ಮಗಳಿಗೆ ಬ್ರಷ್ ಹಿಡಿಯುವುದನ್ನು ಕಲಿಸಿದ್ದು ಅವರೇ. ಬೋರ್ಡಿನವರ ಶೇಡಿಂಗ್ ನೋಡಿದವರಿಗೆ ಗೊತ್ತು. ಕೇಸರಿ ಹೋಗಿ ಹಳದಿ, ಹಳದಿ ಹೋಗಿ ನೀಲಿ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲಿಕ್ಕಾಗದು. ಕೆನ್ನೆಗೆ ಹೊಳಪು, ಅಂಚಿಗೆ ಬೆಳಕಿನ ಗೆರೆ. ಆ ಹುಡುಗಿಯ ಕೈಗೂ ಅದೇ ಬಂದಿದೆ.

ದೂರದ ಊರಿನ ಒಂದು ಚಿತ್ರಸ್ಪರ್ಧೆಗೆ ಅವಳು ತಮ್ಮೂರಿನ ಬಯಲು ಗಣಪನನ್ನು ಬರೆದು ಕಳಿಸಿದಳು. ಎಲ್ಲರೂ ಮುಂದಿನಿಂದ ಬರೆಯುತ್ತಾರೆಂದು ಇವಳು ಹಿಂದಿನಿಂದ ಬರೆದಳು. ಹೊಳಲ್ಕೆರೆಯ ಗಣಪನ ವಿಶೇಷ ಇರುವುದೇ ಬೆನ್ನಿನಲ್ಲಿ, ಅವನಿಗೆ ಅಲ್ಲಿ ಜಡೆ ಇದೆ. ಸಂಜೆಯ ಬೆಳಕು, ಕಲ್ಲಿನ ಬೆನ್ನು, ಇಳಿಬಿದ್ದ ಜಡೆ. ತೀರ್ಪುಗಾರರು ಚಿತ್ರವನ್ನು ಪಕ್ಕಕ್ಕಿಟ್ಟರಂತೆ. ಕೇಳಿದ್ದಕ್ಕೆ ಎರಡು ಕಾರಣ ಬಂತು. ಒಂದು, ಇಷ್ಟು ನಯವಾದ ಬಣ್ಣ ಈ ವಯಸ್ಸಿನ ಕೈಯಲ್ಲಿ ಬರದು. ಇನ್ನೊಂದು, ಗಣಪತಿಗೆ ಎಲ್ಲಾದರೂ ಜಡೆ ಉಂಟೇ, ಇಂಥ ತಪ್ಪು ಎಐ ಮಾತ್ರ ಮಾಡುತ್ತದೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಯ ಬಂದದ್ದು ಅಪ್ಪನಿಂದ. ಜಡೆಯನ್ನು ಕೆತ್ತಿದ ಶಿಲ್ಪಿ ಕಂಪ್ಯೂಟರ್ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಉಳಿ ಹಿಡಿದವನು. ಅವನೂ ಈ ಸ್ಪರ್ಧೆಗೆ ಬಂದಿದ್ದರೆ ಅನರ್ಹನೇ.

ಆ ಹುಡುಗಿ ಆಮೇಲೆ ಮಾಡಿದ್ದು ಗಾದೆಯ ಕಳ್ಳ ಮಾಡಿದ್ದನ್ನೇ. ಹೆಗಲು ಮುಟ್ಟಿಕೊಂಡಳು. ಚಿತ್ರದ ಹಿಂಬದಿಯಲ್ಲಿ ಬಣ್ಣ ಪರೀಕ್ಷಿಸಲು ಹಚ್ಚಿದ ಹದಿನೇಳು ಪಟ್ಟೆಗಳ ಫೋಟೋ ತೆಗೆದಳು. ಬ್ರಷ್ ಒರೆಸಿದ ಬನಿಯನ್ ತುಂಡಿನ ಫೋಟೋ, ಬಣ್ಣದ ನೀರಿನ ಲೋಟದ ಫೋಟೋ. ಉಗುರ ಸಂದಿಯ ನೀಲಿಯನ್ನೂ ಬಿಡಲಿಲ್ಲ. ಇಷ್ಟೆಲ್ಲ ಕಳಿಸಿದಾಗ ಅತ್ತ ಕಡೆಯಿಂದ ಬಂದ ಮಾತು: ‘ಏನೂ ಮಾಡಿಲ್ಲ ಅಂದ್ರೆ ಇಷ್ಟೊಂದು ಯಾಕಮ್ಮ ಗಾಬರಿ?’

ಗಾದೆ ಕೆಡುವುದು ಇಲ್ಲಿ. ಮುಟ್ಟಿಕೊಂಡರೆ ಕಳ್ಳ. ಮುಟ್ಟಿಕೊಳ್ಳದೆ ಸುಮ್ಮನಿದ್ದರೆ, ಉತ್ತರವಿಲ್ಲದ್ದಕ್ಕೇ ಸುಮ್ಮನಿದ್ದಾನೆ, ಕಳ್ಳ. ಇಷ್ಟರ ನಡುವೆ ಪಕ್ಕಾ ಕಳ್ಳ ಕೈಕಟ್ಟಿ ನಿಂತಿರುತ್ತಾನೆ. ಅಳುಕಬೇಕಾದ ಮನಸ್ಸು ಇದ್ದರಲ್ಲವೆ ಅಳುಕುವುದು?

ಇದು ಹೊಳಲ್ಕೆರೆಗಷ್ಟೇ ಬಂದ ಕಷ್ಟ ಅಲ್ಲ. 2022ರ ಡಿಸೆಂಬರಿನಲ್ಲಿ ಬೆನ್ ಮೊರಾನ್ ಎಂಬ ಹೆಸರಿನಲ್ಲಿ ಚಿತ್ರ ಬರೆಯುವ ವಿಯೆಟ್ನಾಮಿನ ಕಲಾವಿದರನ್ನು ಇಂಟರ್ನೆಟ್ಟಿನ ದೊಡ್ಡದೊಂದು ಕಲಾಬಳಗ ಹೊರಹಾಕಿತು. ಪುಸ್ತಕವೊಂದರ ಮುಖಪುಟಕ್ಕೆ ಬರೆದ ಚಿತ್ರ ಅದು. ಪದರು ಪದರಾಗಿ ಹೇಗೆ ಬರೆದೆನೆಂದು ಫೈಲು ತೋರಿಸುತ್ತೇನೆ ಅಂದರು. ಮೇಲ್ವಿಚಾರಕನ ಉತ್ತರದ ಸಾರ ಇಷ್ಟು: ನೀನೇ ಬರೆದಿದ್ದರೂ ನೋಡಲು ಎಐ ತರಹವೇ ಇದೆ, ಬೇರೆ ಶೈಲಿ ಹುಡುಕಿಕೋ. ಕುಂಬಳದವನಿಗೆ ಇನ್ನು ಮೇಲೆ ಸೋರೆಕಾಯಿ ಬೆಳೆ ಅಂದ ಹಾಗಾಯಿತು.

ಇಂಥವರ ಚಿತ್ರದ ನಯ ಯಂತ್ರದ ನಯದಂತೆ ಕಾಣುವುದೇಕೆ? ಯಂತ್ರ ಆ ನಯ ಕಲಿತದ್ದು ಇವರ ಹೊಲದಲ್ಲೇ. ಚಿತ್ರ ಹುಟ್ಟಿಸುವ ಯಂತ್ರಗಳಿಗೆ ತರಬೇತಿಗೆಂದು ಬಳಕೆಯಾದ ಲಯಾನ್ ಎಂಬ ಸಂಗ್ರಹದಲ್ಲಿ 585 ಕೋಟಿ ಚಿತ್ರಗಳ ಕೊಂಡಿ ಮತ್ತು ಅವುಗಳ ವಿವರ ಇದ್ದವು. ಅವನ್ನು ಬರೆದವರನ್ನು, ತೆಗೆದವರನ್ನು ಯಾರೂ ಕೇಳಿರಲಿಲ್ಲ. ಪೋಲೆಂಡಿನ ಗ್ರೆಗ್ ರುಟ್ಕೋವ್‌ಸ್ಕಿ ಡ್ರ್ಯಾಗನ್ನು, ಕೋಟೆ, ಯುದ್ಧದ ಚಿತ್ರಗಳಿಗೆ ಹೆಸರಾದವರು. ‘ಅವರ ಥರ ಬರೆದುಕೊಡು’ ಎಂದು ಜನ ಯಂತ್ರಕ್ಕೆ ಹೇಳಿದ್ದು 2022ರ ಸೆಪ್ಟೆಂಬರ್ ಹೊತ್ತಿಗೇ ಸುಮಾರು 93,000 ಸಲ. ತಮ್ಮ ಹೆಸರು ಹಾಕಿ ಹುಡುಕಿದರೆ ತಾವು ಬರೆಯದ ಚಿತ್ರಗಳು ಎದುರಾಗತೊಡಗಿದವು. ಅವರು ಇವತ್ತು ಹೊಸದೊಂದು ಡ್ರ್ಯಾಗನ್ ಬರೆದರೆ, ಹೆಸರು ನೋಡದವರು ಏನನ್ನುತ್ತಾರೋ ಹೇಳಬೇಕಿಲ್ಲ. ಹೊಲ ಅವರದು, ಬಳ್ಳಿ ಅವರದು, ಕಾಯಿ ಕದ್ದವರು ಇನ್ನಾರೋ, ಬೂದಿ ಮಾತ್ರ ಎಲ್ಲರ ಹೆಗಲ ಮೇಲೂ ಒಂದೇ ಬಣ್ಣ.

ನಮ್ಮವರನ್ನೇ ತೆಗೆದುಕೊಳ್ಳಿ. ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿಗೆ, ಸಿನಿಮಾ ಪೋಸ್ಟರಿಗೆ ಬರೆದ ದೇವದೇವಿಯರ ಮೈಯ ಹೊಳಪು, ಹಿಂದಿನ ಪ್ರಭೆ. ಪಂಡಿತರ ಹೆಸರೇ ಕೇಳದ ಹುಡುಗನಿಗೆ ಮೊಬೈಲಿನಲ್ಲಿ ತೋರಿಸಿ ನೋಡಿ. ಮೈಸೂರಿನ ಜಗನ್ಮೋಹನ ಅರಮನೆಯ ದೀಪದ ಹೆಂಗಸಿನ ಚಿತ್ರವನ್ನಂತೂ ಕಾಣದ ಕನ್ನಡಿಗರು ಕಡಿಮೆ. ಬೆರಳ ಸಂದಿಯಿಂದ ಬೆಳಕು ಸೋರುವುದನ್ನು ನೋಡಿ, ಹಿಂದೆ ಬಲ್ಬು ಇಟ್ಟಿದ್ದಾರೇನೋ ಎಂದು ನಾನೂ ಚಿಕ್ಕವನಿದ್ದಾಗ ಕತ್ತು ಚಾಚಿದ್ದೆ. ಅದು ಬರೀ ಜಲವರ್ಣ. ಬರೆದವರು ಎಸ್.ಎಲ್. ಹಲ್ದನ್‌ಕರ್, ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಆದರೆ ಇವತ್ತಿಗೂ ಎಷ್ಟೋ ಜನ ಅದನ್ನು ರವಿವರ್ಮನ ಖಾತೆಗೇ ಬರೆಯುತ್ತಾರೆ. ಚೆನ್ನಾಗಿರುವುದೆಲ್ಲ ನಮಗೆ ಮೊದಲೇ ಗೊತ್ತಿರುವ ಹೆಸರಿನದೇ ಆಗಿರಬೇಕು ಎಂಬ ಚಾಳಿ ಹಳೆಯದು. ಆಗ ಆ ಹೆಸರು ರವಿವರ್ಮ, ಈಗ ಎಐ.

ಹಾಗಾದರೆ ಪತ್ತೆ ಹಚ್ಚುವ ಸಾಧನ ಇಲ್ಲವೇ ಅನ್ನಬಹುದು. ಅವೂ ಹೆಗಲು ಮೂಸುವವೇ. ಬರಹದ ವಿಷಯಕ್ಕೆ ಓಪನ್‌ಎಐ ಕಂಪನಿ ತಾನೇ ಒಂದು ಪತ್ತೇದಾರ ತಂತ್ರಾಂಶ ಹೊರತಂದಿತ್ತು. ಅವರದೇ ಪರೀಕ್ಷೆಯಲ್ಲಿ ಯಂತ್ರ ಬರೆದ ನೂರರಲ್ಲಿ ಅದು ಹಿಡಿದದ್ದು 26, ಮನುಷ್ಯರು ಬರೆದ ನೂರರಲ್ಲಿ 9 ಜನಕ್ಕೆ ಕಳ್ಳಪಟ್ಟ. 2023ರ ಜುಲೈನಲ್ಲಿ ಅದನ್ನು ಹಿಂತೆಗೆದರು. ಇನ್ನು ಕಣ್ಣಳತೆಯವರು ಬೆರಳೆಣಿಸುತ್ತಾರೆ, ಆರಿದ್ದರೆ ಯಂತ್ರ ಅಂತ. ಹತ್ತು ಕೈಯ ದೇವಿಯನ್ನು ಬರೆಯುವ ನಮ್ಮೂರಿನವರು ಈ ಲೆಕ್ಕವನ್ನು ಎಲ್ಲಿಂದ ಶುರುಮಾಡಬೇಕು? ತಮಾಷೆಯೆಂದರೆ ಉಲ್ಟಾ ಕಳ್ಳತನವೂ ನಡೆಯಿತು. 2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ, ರಾಜಹಂಸವೊಂದು ಹೊಟ್ಟೆ ಕೆರೆದುಕೊಳ್ಳಲು ತಲೆ ಮರೆಸಿದ ಅಸಲಿ ಫೋಟೋವನ್ನು ಸ್ಪರ್ಧೆಯೊಂದರ ಎಐ ವಿಭಾಗಕ್ಕೆ ಹಾಕಿ ಬಹುಮಾನ ಗೆದ್ದರು. ತಲೆಯಿಲ್ಲದ ಹಕ್ಕಿ ಕಂಡ ತೀರ್ಪುಗಾರರಿಗೆ ಅನುಮಾನವೇ ಬರಲಿಲ್ಲ. ಆಮೇಲೆ ಅವರೇ ಬಾಯಿಬಿಟ್ಟರು, ಬಹುಮಾನ ವಾಪಸಾಯಿತು.

ಅನುಮಾನ ಪಡುವವರದೆಲ್ಲ ತಪ್ಪು ಅನ್ನಲಾರೆ. ಒನಕೆ ಓಬವ್ವನ ಮುಖಕ್ಕೆ ಸಿನಿಮಾ ನಟಿಯ ಕಳೆ ಕೊಟ್ಟು, ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಯೂರೋಪಿನ ಬುರುಜು ಕಟ್ಟಿದ ಎಐ ಚಿತ್ರಗಳು ರಾಜ್ಯೋತ್ಸವ ಬಂತೆಂದರೆ ವಾಟ್ಸಾಪಿನಲ್ಲಿ ಹರಿದಾಡುತ್ತವೆ. ಅವನ್ನು ತಾನೇ ಬರೆದೆನೆಂದು ಹೇಳಿ ಹಾರ ಹಾಕಿಸಿಕೊಳ್ಳುವವರೂ ಇದ್ದಾರೆ. ಕುಂಬಳಕಾಯಿ ಕಳ್ಳರು ಇರುವುದು ನಿಜ. ಆದರೆ ಕಳ್ಳನನ್ನು ಹಿಡಿಯಬೇಕಾದವನು ಮೊದಲು ಹೊಲಕ್ಕೆ ಹೋಗಿ ಬಳ್ಳಿ ನೋಡಿ ಬರಬೇಕು. ಆ ತೀರ್ಪುಗಾರರು ಹೊಳಲ್ಕೆರೆಗೆ ಬಸ್ಸು ಹತ್ತಬೇಕಿರಲಿಲ್ಲ, ಆ ಊರಿನ ಯಾರಿಗಾದರೂ ಒಂದು ಫೋನ್ ಮಾಡಿ ‘ನಿಮ್ಮ ಗಣಪನಿಗೆ ಜಡೆ ಐತಾ’ ಅಂತ ಕೇಳಿದ್ದರೆ ಸಾಕಿತ್ತು.

ಹಾಗೆ ಹೊಲಕ್ಕೇ ಹೋಗಿ ಬಳ್ಳಿ ನೋಡಿ ಬಂದವರೂ ನಮ್ಮಲ್ಲಿದ್ದರು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಪಿ.ಆರ್. ತಿಪ್ಪೇಸ್ವಾಮಿಯವರು ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ಹಳ್ಳಿ ಹಳ್ಳಿ ಅಲೆದವರೂ ಅವರೇ. ತೊಗಲುಗೊಂಬೆ, ಬುಟ್ಟಿ, ಮಣೆ, ಮುಖವಾಡ, ಹೀಗೆ ಮಾಡಿದವರ ಹೆಸರು ಎಲ್ಲೂ ಬರೆದಿಡದ ಎಷ್ಟೋ ವಸ್ತುಗಳು ಅಲ್ಲಿವೆ. ಒಂದು ಹಳೆಯ ಮಣೆಯನ್ನು ತಿರುಗಿಸಿ ನೋಡಿದರೆ ತಳದಲ್ಲಿ ಉಳಿಯ ಏಟು ಕಾಣುತ್ತದೆ. ಮೇಲ್ಭಾಗ ನುಣ್ಣಗೆ ಮಾಡಿದವನು ತಳವನ್ನು ಒರಟಾಗೇ ಬಿಟ್ಟಿರುತ್ತಾನೆ, ಯಾರು ನೋಡುತ್ತಾರೆ ಎಂದು.

ಈಚೆಗೆ ಹೊಳಲ್ಕೆರೆಗೆ ಹೋದಾಗ ಆ ಹುಡುಗಿ ಜಗುಲಿಯಲ್ಲಿ ಕೂತು ಇನ್ನೊಂದು ಚಿತ್ರ ಬರೆಯುತ್ತಿದ್ದಳು. ಚಿತ್ರದುರ್ಗದ ಕೋಟೆಯ ಅಕ್ಕ ತಂಗಿ ಹೊಂಡ. ಪಕ್ಕದಲ್ಲಿ ಅಕ್ಕಿ ಡಬ್ಬಿಗೆ ಆನಿಸಿಟ್ಟ ಮೊಬೈಲು ಅವಳ ಕೈಯನ್ನೇ ವಿಡಿಯೋ ಮಾಡುತ್ತಿತ್ತು. ಬಣ್ಣ ಮುಗಿದಿತ್ತು, ಆದರೆ ನೀರಿನಂಚಿನಲ್ಲಿ ಮೊದಲು ಎಳೆದ ಪೆನ್ಸಿಲ್ ಗೆರೆಗಳು ಹಾಗೇ ಎದ್ದು ಕಾಣುತ್ತಿದ್ದವು. ಅಪ್ಪ ಬಾಗಿ ನೋಡಿದರು.

‘ಗೆರೆ ಅಳಿಸವ್ವ, ಕೊಳಕಾಗಿ ಕಾಣ್ತೈತೆ.’

‘ಇರಲಿ ಬಿಡಪ್ಪ,’ ಅಂದಳು ಅವಳು, ತಲೆ ಎತ್ತದೆ. ‘ಸಾಕ್ಷಿಗೆ ಬೇಕು.’