ಸಂಶಯಕ್ಕೂ ಆಧಾರ ಬೇಕು

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕಂಡವರು ಸಾಮಾನ್ಯವಾಗಿ ಇಬ್ಬರೇ: ಎಸಗಿದವನು, ಅನುಭವಿಸಿದ ಮಗು. ಆರೋಪಿಗೆ ಸುಮ್ಮನಿರುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ. ಉಳಿಯುವುದು ಮಗುವಿನ ಮಾತು. ಅದೊಂದನ್ನೇ ನಂಬಿ ಒಬ್ಬನನ್ನು ವರ್ಷಾನುಗಟ್ಟಲೆ ಜೈಲಿಗೆ ಕಳಿಸಬಹುದೇ?

2022ರ ಅಕ್ಟೋಬರ್‌ನಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ಟ್ಯೂಷನ್‌ಗೆ ಹೋದ ಹತ್ತು ವರ್ಷದ ಬಾಲಕಿ ಹೆಣವಾಗಿ ಸಿಕ್ಕಳು, ಊರು ಕೆರಳಿತು. ಅಂಥಲ್ಲಿ ಮಗು ಮಾತಾಡಲಾರದು, ಸಾಂದರ್ಭಿಕ ಸಾಕ್ಷ್ಯವೇ ಮಾತಾಡಬೇಕು. ಆ ಸರಪಳಿಯ ಒಂದು ಕೊಂಡಿಯೂ ಕಳಚಿರಬಾರದೆಂದು ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ದಿಚಂದ್ ಸಾರ್ದಾ ಪ್ರಕರಣದಲ್ಲಿ ಹೇಳಿದೆ. ಆದರೆ ಮಂಡ್ಯದಲ್ಲಿರಲಿ, ಬೇರೆಲ್ಲೇ ಇರಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿಯ ಬಹುಪಾಲು ಪ್ರಕರಣಗಳಲ್ಲಿ ಮಗು ಬದುಕಿರುತ್ತದೆ. ಆರೋಪಿ ಮನೆಗೆ ಬೇಕಾದವನೇ ಆಗಿರುತ್ತಾನೆ. ಕಷ್ಟ ಶುರುವಾಗುವುದು ಅಲ್ಲಿ.

ಮಗುವಿನ ಮಾತೊಂದೇ ಸಾಕೇ ಎಂಬ ಪ್ರಶ್ನೆ ಹಳೆಯದು. 1951ರಲ್ಲಿ ತೀರ್ಪು ಬಂದ ರಾಮೇಶ್ವರ ಪ್ರಕರಣದಲ್ಲಿ ಬಾಲಕಿಗೆ ಎಂಟು ವರ್ಷ. ಅವಳು ಹೇಳಿದ್ದು ನಿಜವೆಂದು ಸೆಷನ್ಸ್ ನ್ಯಾಯಾಧೀಶರಿಗೆ ಮನವರಿಕೆಯಾಗಿತ್ತು. ಆದರೂ ಬೇರೆ ಪುಷ್ಟಿ ಸಾಲದೆಂದು ಆರೋಪಿಯನ್ನು ಬಿಟ್ಟರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪುಷ್ಟಿ ಕೇಳುವುದು ವಿವೇಕ, ಕಾನೂನಿನ ಕಟ್ಟಳೆಯಲ್ಲ ಎಂದಿತು. ಕೆಲವೇ ಗಂಟೆಗಳಲ್ಲಿ ಅವಳು ತಾಯಿಗೆ ಹೇಳಿಕೊಂಡದ್ದನ್ನೂ ಪುಷ್ಟಿಯೆಂದೇ ಎಣಿಸಿತು.

ಆದರೂ ಮಗುವಿನ ಮಾತಿನೆದುರು ಹಳೆಯ ಮೂರು ಆಕ್ಷೇಪಗಳು ಇಂದಿಗೂ ಏಳುತ್ತವೆ. ದೂರು ತಡವಾಯಿತು, ಮೈಮೇಲೆ ಗಾಯವಿಲ್ಲ, ತಾರೀಖು ಸರಿಯಾಗಿ ಹೇಳಲಿಲ್ಲ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಮನೆಯನ್ನು ಊಹಿಸಿಕೊಳ್ಳಿ. ಆರೋಪಿ ದಾಯಾದಿ. ಮಾನ ಹೋದೀತೆಂದು ಅಜ್ಜಿ ಬಾಯಿ ಮುಚ್ಚಿಸುತ್ತಾಳೆ, ಯಜಮಾನರು ರಾಜಿಗೆ ಕರೆಯುತ್ತಾರೆ, ಪೊಲೀಸ್ ಠಾಣೆ ಮುಟ್ಟುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಇದ್ದ ಗಾಯವೂ ಮಾಗಿರುತ್ತದೆ; ಎಷ್ಟೋ ಕೃತ್ಯಗಳು ಗಾಯವನ್ನೇ ಉಳಿಸುವುದಿಲ್ಲ. ಮಗುವಿಗೆ ನೆನಪಿರುವುದು ತಾರೀಖಲ್ಲ, ಊರಹಬ್ಬದ ಮಾರನೆಯ ದಿನ. ಇವು ಮಗು ಸುಳ್ಳು ಹೇಳಿತೆಂಬುದಕ್ಕೆ ಗುರುತುಗಳಲ್ಲ. ನೊಂದ ಮಗು ಹೀಗೇ ನಡೆದುಕೊಳ್ಳಬೇಕೆಂಬ ನಮ್ಮ ಕಲ್ಪನೆಗೆ ಅದು ಹೊಂದಲಿಲ್ಲ, ಅಷ್ಟೆ.

ಹಾಗೆಂದು ಮಗು ಹೇಳಿದ್ದೆಲ್ಲ ಸತ್ಯವೆನ್ನಲಾಗದು. ಜಮೀನಿನ ಜಗಳಕ್ಕೆ, ಗಂಡಹೆಂಡಿರ ವ್ಯಾಜ್ಯಕ್ಕೆ ಮಕ್ಕಳ ಬಾಯಲ್ಲಿ ಮಾತು ತುರುಕುವವರಿದ್ದಾರೆ. ಪೋಕ್ಸೊ ಕಾಯ್ದೆಯ 29ನೇ ಕಲಂ ಆರೋಪಿಯೇ ಅಪರಾಧಿಯೆಂಬ ಪೂರ್ವಭಾವನೆಗೆ ಎಡೆಕೊಟ್ಟರೂ, ಮೂಲ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸ್ಥಾಪಿಸಲೇಬೇಕೆಂದು ಹೈಕೋರ್ಟ್‌ಗಳು ಹೇಳುತ್ತ ಬಂದಿವೆ. ಅದು ಸರಿ. ನಿರಪರಾಧಿಗೆ ಶಿಕ್ಷೆಯಾದರೆ ಮಗುವಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ಸಂಶಯ ಪಡುವುದು ನ್ಯಾಯಾಧೀಶರ ಕರ್ತವ್ಯ; ಆದರೆ ಆ ಸಂಶಯ ಕಡತದಲ್ಲಿರುವ ಸಂಗತಿಯಿಂದ ಹುಟ್ಟಬೇಕು, ರೂಢಿಯ ನಂಬಿಕೆಯಿಂದಲ್ಲ. ಹೇಳಿಕೊಟ್ಟ ಸಾಕ್ಷಿಯೆಂದು ಸುಮ್ಮನೆ ಆರೋಪಿಸಿದರೆ ಸಾಲದು, ಅದಕ್ಕೂ ಬುನಾದಿ ಬೇಕೆಂದು ಬಲವೀರ್ ಸಿಂಗ್ ಪ್ರಕರಣದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಇದೇ ದಿಕ್ಕಿನಲ್ಲಿ. ಅಲ್ಲಿ ಸಾಕ್ಷಿಯಾಗಿದ್ದುದು ಘಟನೆಯ ವೇಳೆ ಏಳು ವರ್ಷದ ಮಗು.

ಸಂಶಯಕ್ಕೆ ಆಧಾರ ಕೇಳುವ ನಾವು ನಂಬಿಕೆಗೂ ಆಧಾರ ಉಳಿಸಿಕೊಡಬೇಕು. ಪೊಲೀಸರು ಸಮವಸ್ತ್ರವಿಲ್ಲದೆ ಹೇಳಿಕೆ ಪಡೆಯಬೇಕು. ಪಾಟಿ ಸವಾಲಿನ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ಸಾಕ್ಷ್ಯ ನುಡಿಯುವಾಗ ಆರೋಪಿ ಅದರ ಕಣ್ಣಿಗೆ ಬೀಳಬಾರದು. ಪ್ರಕರಣ ಪರಿಗಣನೆಗೆ ಬಂದ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು. 2012ರ ಪೋಕ್ಸೊ ಕಾಯ್ದೆಯಲ್ಲಿ ಇವೆಲ್ಲ ಇವೆ. ಇವನ್ನು ಮಗುವಿಗೆ ತೋರಿಸುವ ಕನಿಕರವೆಂದು ಭಾವಿಸುವುದು ತಪ್ಪು. ಇವು ಸಾಕ್ಷ್ಯವನ್ನು ಕೆಡದಂತೆ ಕಾಯುವ ವಿಧಾನಗಳು. ವರ್ಷಗಟ್ಟಲೆ ವಾಯಿದೆ ಹಾಕಿ, ಆ ನಡುವೆ ಬಂಧುಗಳ ಒತ್ತಡಕ್ಕೆ ಮಗುವನ್ನು ಬಿಟ್ಟು, ಕಡೆಗೆ ಅದರ ಹೇಳಿಕೆ ಬದಲಾಯಿತೆಂದು ಆರೋಪಿಯನ್ನು ಬಿಡುಗಡೆ ಮಾಡಿದರೆ, ಅಲ್ಲಿ ಸೋತದ್ದು ಮಗುವಿನ ಸತ್ಯವಲ್ಲ, ಅದನ್ನು ಬರೆದುಕೊಳ್ಳಬೇಕಿದ್ದ ನಮ್ಮ ವ್ಯವಸ್ಥೆ.