ಎರಡು ನಡುಕ

ಮಧುಗಿರಿಯ ಕಡೆಯಂಥ ಬಂಡೆಸಂದುಗಳು ಹೆಬ್ಬಾವಿಗೆ ಹೇಳಿಮಾಡಿಸಿದ ಮನೆ. ತಾಯಿಹಾವು ಮೊಟ್ಟೆಗಳನ್ನು ಸುಮಾರು 2 ತಿಂಗಳು ಸುತ್ತಿಕೊಂಡಿದ್ದು, ಮೈ ನಡುಗಿಸಿ ಕಾವು ಕೊಡುತ್ತದೆ. ಅದನ್ನು ಹಿಡಿದು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡದು. ಹಾಗಾಗಿ ಬೆಂಗಳೂರಿನಂಥ ಊರುಗಳ ಹವ್ಯಾಸಿಗಳ ಕಣ್ಣು ಪಶ್ಚಿಮ ಆಫ್ರಿಕದ ಬಾಲ್ ಪೈಥಾನಿನ ಮೇಲೆ ಬಿದ್ದಿದೆ.

ಇದನ್ನು ಸಾಕುವವರು ಬಣ್ಣಕ್ಕೊಂದು ಬೆಲೆ ಕಟ್ಟಿ ಮರಿಮಾಡಿಸುತ್ತಾರೆ. 'ಸ್ಪೈಡರ್' ಎಂಬ ತಳಿ ನೋಡಲು ಬಲು ಚೆಲುವು. ಆದರೆ ಆ ಬಣ್ಣದ ಜೊತೆಗೇ ತಲೆನಡುಕವೂ ಹುಟ್ಟಿಬರುತ್ತದೆ. ಹೊಟ್ಟೆಗಿಟ್ಟು ಬೆಚ್ಚಗಿಟ್ಟಿದ್ದೇವಲ್ಲ, ಕಾಡಿನಲ್ಲಿ ಕಷ್ಟವಿಲ್ಲವೇ ಎನ್ನುವರು. ಉಂಟು, ಹಸಿವೂ ಉಂಟು, ಹದ್ದೂ ಉಂಟು. ಆದರೆ ಅದು ಯಾರೂ ಬೇಕೆಂದು ಮಾಡಿದ್ದಲ್ಲ. ಇದನ್ನು ನಾವು ತಿಳಿದೂ ತಿಳಿದೂ ಹುಟ್ಟಿಸುತ್ತೇವೆ. ತಾಯಿಯ ನಡುಕ ಮರಿಗಾಗಿ. ಮರಿಯ ನಡುಕ ನಮ್ಮ ಕಣ್ಣಿಗಾಗಿ. ಎರಡನೆಯದನ್ನು ಪ್ರೀತಿಯೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.