ತೊಳೆದ ಮೇಲೆ ಎಣ್ಣೆ

ಬೈಬಲ್ ಇರುವವರು ಯಾಜಕಕಾಂಡ 8ನೇ ಅಧ್ಯಾಯ ತೆಗೀರಿ. 6ನೇ ವಚನದಲ್ಲಿ ಮೋಶೆ ಆರೋನನನ್ನೂ ಅವನ ಮಕ್ಕಳನ್ನೂ ನೀರಿನಿಂದ ತೊಳೀತಾನೆ. 12ನೇ ವಚನಕ್ಕೆ ಬಂದಾಗ ಆರೋನನ ತಲೆ ಮೇಲೆ ಅಭಿಷೇಕದ ತೈಲ ಹೊಯ್ತಾನೆ. ಮೊದಲು ನೀರು, ಆಮೇಲೆ ತೈಲ. ಈ ಕ್ರಮವನ್ನು ನಾನು ಬೈಬಲ್ ಕಾಲೇಜಿಗೆ ಹೋಗೋ ಮುಂಚೆ ದೋಣಿ ಮೇಲೆ ಕಲಿತೆ.

ಕೆಲವರಿಗೆ ಗೊತ್ತು, ಸೇವೆಗೆ ಬರೋ ಮೊದಲು ನಾನು ದುಬೈನಲ್ಲಿ ಹಾಯಿದೋಣಿಗಳ ರಿಪೇರಿ ಕೆಲಸದಲ್ಲಿದ್ದೆ. ಆ ದೋಣಿಗಳಲ್ಲಿ ವಿಂಚ್ ಅಂತ ಇರುತ್ತೆ. ನೋಡೋಕೆ ಸಣ್ಣ ಡ್ರಮ್. ಹಾಯಿಯ ಹಗ್ಗವನ್ನು ಅದಕ್ಕೆ ಮೂರು ನಾಲ್ಕು ಸುತ್ತು ಹಾಕಿ, ಮೇಲೆ ಹ್ಯಾಂಡಲ್ ಇಟ್ಟು ತಿರುಗಿಸ್ತಾರೆ. ಗಾಳಿ ತುಂಬಿದ ದೊಡ್ಡ ಹಾಯಿ ಬರಿಗೈಗೆ ಬಗ್ಗಲ್ಲ. 40 ನಂಬರಿನ ವಿಂಚ್ ಇದ್ದರೆ, ಲೆಕ್ಕದಲ್ಲಿ ನಿಮ್ಮ ಕೈಬಲ ಸುಮಾರು 40 ಪಟ್ಟಾಗುತ್ತೆ.

ಡ್ರಮ್ ಒಳಗೆ ಗೇರ್, ಬೇರಿಂಗ್ ಜೊತೆಗೆ ಬೆರಳ ತುದಿಯಷ್ಟಿನ ಲೋಹದ ತುಂಡುಗಳಿರುತ್ತವೆ. ಅವಕ್ಕೆ ಪಾಲ್ ಅಂತಾರೆ. ಅಪೊಸ್ತಲ ಪೌಲ ಅಲ್ಲ! ಹಿಂದೆ ಒಂದು ತೆಳು ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ತಾ ಇರುತ್ತೆ. ಡ್ರಮ್ ಮುಂದಕ್ಕೆ ತಿರುಗುವಾಗ ಟಕ್ ಟಕ್ ಅನ್ನುತ್ತೆ. ಹಿಂದಕ್ಕೆ ಜಾರಿದರೆ ಕಚ್ಚಿ ಹಿಡಿಯುತ್ತೆ. ಹಾಯಿಯ ಭಾರವೆಲ್ಲ ಆ ಚಿಕ್ಕ ತುಂಡಿನ ಮೇಲೆ.

ಒಂದು ದಿನ ಒಂದು ದೋಣಿಯ ವಿಂಚ್‌ಗಳನ್ನು ಬಿಚ್ಚಿ ತೊಳೆದು ಗ್ರೀಸ್ ಹಾಕು ಅಂತ ನನಗೆ ಹೇಳಿದ್ರು. ನನಗೆ ಸೋಮಾರಿತನ. ಡ್ರಮ್ ಎತ್ತಿದೆ, ಉಪ್ಪು, ಧೂಳು, ಹಳೇ ಗ್ರೀಸ್ ಸೇರಿ ಗಟ್ಟಿಯಾಗಿತ್ತು. ತೊಳೀಲಿಲ್ಲ. ಅದರ ಮೇಲೇ ಹೊಸ ಗ್ರೀಸ್ ಧಾರಾಳವಾಗಿ ಮೆತ್ತಿದೆ, ಪಾಲ್‌ಗೂ ಮೆತ್ತಿದೆ. ಜಾಸ್ತಿ ಹಾಕಿದ್ರೆ ಒಳ್ಳೇದಲ್ವಾ ಅಂದ್ಕೊಂಡೆ. ಹೊರಗೆ ಒರೆಸಿ ಪಳಪಳ ಹೊಳೆಯೋ ಹಾಗೆ ಮಾಡಿದೆ.

ಮೂರನೇ ದಿನ ಸಮುದ್ರದಲ್ಲಿ ನಮ್ಮ ಜೊತೆಯ ಹುಡುಗನೊಬ್ಬ ಹ್ಯಾಂಡಲ್ ತಿರುಗಿಸ್ತಿದ್ದ. ಪಾಲ್‌ಗಳು ಗ್ರೀಸಿನಲ್ಲಿ ಅಂಟಿಕೊಂಡಿದ್ದವು, ಹೊರಗೆ ಬರಲಿಲ್ಲ, ಹಿಡಿಯಲಿಲ್ಲ. ಹ್ಯಾಂಡಲ್ ಹಿಂದಕ್ಕೆ ಗಿರ್ರನೆ ತಿರುಗಿ ಅವನ ಮಣಿಕಟ್ಟು ಮುರೀತು. ಎಲ್ಲರೂ ಅವನೇ ಸರಿಯಾಗಿ ಹಿಡಿದಿರಲಿಲ್ಲ ಅಂದ್ರು. ಅವನ ಸಂಬಳ ಕಟ್ಟಾಯ್ತು. ನಾನು ಬಾಯಿ ಬಿಡಲಿಲ್ಲ.

ಆ ಶುಕ್ರವಾರ ಆರಾಧನೆಯಲ್ಲಿ ಎರಡೂ ಕೈ ಎತ್ತಿ, "ಕರ್ತನೇ, ಹೊಸ ಅಭಿಷೇಕ ಕೊಡು" ಅಂತ ಕೂಗ್ತಿದ್ದೆ. ಆಗ ಪವಿತ್ರಾತ್ಮನು ನನ್ನ ಮನಸ್ಸಿಗೆ ಆ ವಿಂಚನ್ನೇ ತಂದನು. ಹಳೇದರ ಮೇಲೆ ಹೊಸದು ಮೆತ್ತಿಸ್ಕೊಳ್ಳೋಕೆ ಬಂದಿದ್ದೀಯಾ? ಪ್ರಿಯರೇ, ನನ್ನ ಕೈ ಕೆಳಗಿಳೀತು.

ಮರುದಿನ ಸೂಪರ್‌ವೈಸರ್ ಹತ್ರ ಹೋಗಿ ನಿಜ ಹೇಳಿದೆ. ಆಮೇಲೆ ಆ ಹುಡುಗನ ರೂಮಿಗೆ ಹೋದೆ. "ತಮ್ಮಾ, ತಪ್ಪು ನಿಂದಲ್ಲ, ನಂದು" ಅಂದೆ. ಅವನ ಕಟ್ಟಾದ ಸಂಬಳ ನನ್ನ ಸಂಬಳದಿಂದ ಕೊಟ್ಟೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಣ್ಣಾ, ಟೀ ಕುಡೀರಿ" ಅಂದ.

ಒಬ್ಬ ಹಿರಿಯ ಮೆಕ್ಯಾನಿಕ್ ನನಗೆ ಕೆಲಸ ಮೊದಲಿಂದ ಕಲಿಸಿದ್ರು. ರಟ್ಟಿನ ಪೆಟ್ಟಿಗೆಯ ತಳಕ್ಕೆ ತೂತು ಮಾಡಿ ವಿಂಚ್ ಸುತ್ತ ಇಡು, ಸ್ಪ್ರಿಂಗ್ ಹಾರಿದರೂ ಸಮುದ್ರಕ್ಕೆ ಬೀಳಲ್ಲ. ಡ್ರಮ್ ನಿಧಾನವಾಗಿ ಎತ್ತು, ಬೇರಿಂಗ್ ಒಳಗೆ ಅಂಟಿಕೊಂಡು ಬರುತ್ತೆ. ಬಿಚ್ಚಿದ ಕ್ರಮದಲ್ಲೇ ಬಟ್ಟೆ ಮೇಲೆ ಜೋಡಿಸು. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸು. ಗೇರಿಗೆ, ಬೇರಿಂಗಿಗೆ ಗ್ರೀಸ್ ತೆಳ್ಳಗೆ. ಪಾಲ್‌ಗೆ ಗ್ರೀಸ್ ಬೇಡವೇ ಬೇಡ, ಒಂದು ಹನಿ ತೆಳು ಎಣ್ಣೆ ಸಾಕು. ಬೆರಳಲ್ಲಿ ಒತ್ತಿಬಿಟ್ಟರೆ ಪಟ್ಟನೆ ಹೊರಗೆ ಬರಬೇಕು. ಜೋಡಿಸಿದ ಮೇಲೆ ತಿರುಗಿಸಿ ಕಿವಿಗೊಟ್ಟು ಕೇಳು. ವರ್ಷಕ್ಕೆ ಒಂದು ಸಲವಾದರೂ ಇದನ್ನು ಮಾಡು.

ದೇವರ ಮಕ್ಕಳೇ, ನಮ್ಮ ಸಭೆಯಲ್ಲಿ ಶಬ್ದಕ್ಕೆ ಕೊರತೆ ಇಲ್ಲ, ಕಣ್ಣೀರಿಗೂ ಕೊರತೆ ಇಲ್ಲ. ಆದರೆ ಭಾರ ಬಿದ್ದಾಗ ಹಿಡೀತೀವಾ? ಕೊಟ್ಟ ಮಾತು ಹಿಡೀತೀವಾ? ಸಾಲ ತೀರಿಸ್ತೀವಾ? ಮನೇಲಿ ಹೆಂಡತಿ ಹತ್ರ "ತಪ್ಪಾಯ್ತು" ಅಂತೀವಾ? ನಾವು ಹಿಡಿಯದೇ ಹೋದರೆ ಮುರಿಯೋದು ನಮ್ಮ ಕೈ ಅಲ್ಲ, ಪಕ್ಕದಲ್ಲಿ ನಮ್ಮನ್ನು ನಂಬಿ ನಿಂತವರ ಕೈ.

ಅಭಿಷೇಕ ಬೇಡ ಅಂತ ನಾನು ಹೇಳ್ತಿಲ್ಲ. ಎಣ್ಣೆಯಿಲ್ಲದ ವಿಂಚ್ ಸವೆದು ಹೋಗುತ್ತೆ. ತೈಲ ಬೇಕೇ ಬೇಕು. ಆದರೆ ಒಳಗಿನ ಉಪ್ಪು ಮೊದಲು ಹೋಗಲಿ. ಇವತ್ತು ಯಾರ ಹೆಸರು ನಿಮ್ಮ ಮನಸ್ಸಿಗೆ ಬಂತೋ, ಮನೆಗೆ ಹೋಗೋ ದಾರೀಲೇ ಅವರಿಗೆ ಫೋನ್ ಮಾಡಿ.

ಎಲ್ಲರೂ ಎದ್ದು ನಿಲ್ಲೋಣ. ಕರ್ತನೇ, ನಮ್ಮನ್ನು ಬಿಚ್ಚು, ತೊಳಿ, ಆಮೇಲೆ ನಿನ್ನ ತೈಲ ಹಾಕು. ನಿನ್ನ ಕೈಯಲ್ಲಿ ಹಿಡಿಯುವವರಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ, ಆಮೆನ್.